ಯಂತ್ರ ತಪ್ಪಿದರೆ ನಮಗೆ ಗೊತ್ತಾಗುತ್ತದೆಯೇ?

ನಾವು ಯಂತ್ರಗಳನ್ನು ಅತಿಯಾಗಿ ನೆಚ್ಚಿಕೊಂಡಿದ್ದೇವೆಯೇ? ಈ ಚರ್ಚೆ ಬಂದಾಗಲೆಲ್ಲ ಮಾತು ಗಂಟೆಗಳ ಲೆಕ್ಕಕ್ಕೆ ಹೋಗುತ್ತದೆ. ದಿನಕ್ಕೆ ಎಷ್ಟು ಹೊತ್ತು ಮೊಬೈಲ್ ನೋಡುತ್ತೀರಿ, ಎಷ್ಟು ಸಲ ಕೈಗೆತ್ತಿಕೊಳ್ಳುತ್ತೀರಿ, ಹೀಗೆ. ಈ ಅಳತೆಯಿಂದ ಹೆಚ್ಚೇನೂ ತಿಳಿಯುವುದಿಲ್ಲ ಅನ್ನುವುದು ನನ್ನ ಅನಿಸಿಕೆ. ಹೃದಯದ ಬಡಿತವನ್ನು ಹದದಲ್ಲಿಡುವ ಪೇಸ್‌ಮೇಕರ್ ದಿನದ 24 ಗಂಟೆಯೂ ಮೈಯೊಳಗೇ ಇರುತ್ತದೆ. ಅದನ್ನು ಹಾಕಿಸಿಕೊಂಡವರಿಗೆ 'ಯಂತ್ರದ ಮೇಲೆ ಜಾಸ್ತಿ ಅವಲಂಬನೆ ಆಯ್ತು' ಎಂದು ಯಾರೂ ಹೇಳುವುದಿಲ್ಲ, ಅಲ್ವಾ? ಕಣ್ಣು ಕಾಣದವರಿಗೆ ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ಸಾಫ್ಟ್‌ವೇರ್ ಇದೆ. ಎಷ್ಟೋ ಜನಕ್ಕೆ ಓದು, ಉದ್ಯೋಗ ಎರಡೂ ಅದರಿಂದಲೇ ಸಾಧ್ಯವಾಗಿದೆ. ಒಬ್ಬರಿಗೆ ಬರೀ ಅನುಕೂಲ ಆಗಿರುವುದು ಇನ್ನೊಬ್ಬರಿಗೆ ಬದುಕುವ ದಾರಿಯೇ ಆಗಿರಬಹುದು.

ಹಾಗಾಗಿ ಬೇರೆ ಅಳತೆ ಬೇಕು. ಯಾವುದೇ ಸಾಧನದ ಬಗ್ಗೆ ನಾನು ಕೇಳಿಕೊಳ್ಳುವುದು ಎರಡೇ ಪ್ರಶ್ನೆ. ಇದು ತಪ್ಪು ಹೇಳಿದರೆ ನನಗೆ ಗೊತ್ತಾಗುತ್ತದೆಯೇ? ಇದು ನಿಂತೇ ಹೋದರೆ ಇನ್ನೊಂದು ದಾರಿ ಇದೆಯೇ? ಎರಡಕ್ಕೂ 'ಇಲ್ಲ' ಎಂಬ ಉತ್ತರ ಬಂದರೆ, ಆ ಸಾಧನವನ್ನು ದಿನಕ್ಕೆ ಎರಡು ನಿಮಿಷ ಬಳಸಿದರೂ ಅವಲಂಬನೆ ಅತಿಯಾಗಿದೆ ಎಂದೇ ಅರ್ಥ.

ಮೊದಲನೇ ಪ್ರಶ್ನೆ ಎಷ್ಟು ಮುಖ್ಯ ಅನ್ನುವುದಕ್ಕೆ ಒಂದು ಹಡಗಿನ ಕತೆ ಹೇಳಬೇಕು. 1995ರ ಜೂನ್ 9ರಂದು 'ರಾಯಲ್ ಮೆಜೆಸ್ಟಿ' ಎಂಬ ಪ್ರವಾಸಿ ಹಡಗು ಬರ್ಮುಡಾದಿಂದ ಬೋಸ್ಟನ್ ಕಡೆಗೆ ಹೊರಟಿತು. ಅದರಲ್ಲಿದ್ದವರು 1,509 ಜನ. ಹೊರಟು ಒಂದು ಗಂಟೆ ಆಗುವುದರೊಳಗೆ ಜಿಪಿಎಸ್ ಆಂಟೆನಾದ ಕೇಬಲ್ ಕಳಚಿಕೊಂಡಿತು. ಉಪಗ್ರಹದ ಸಂಕೇತ ಬರುವುದು ನಿಂತಿತು. ಆದರೆ ಜಿಪಿಎಸ್ ಪೆಟ್ಟಿಗೆ ಮಾತ್ರ ಸ್ಥಾನ ತೋರಿಸುತ್ತಲೇ ಇತ್ತು. ಸಂಕೇತ ಸಿಗದಿದ್ದಾಗ ಅಂದಾಜು ಲೆಕ್ಕಕ್ಕೆ ಹೊರಳುವಂತೆ ಅದನ್ನು ತಯಾರಿಸಿದ್ದರು. ಹಡಗಿನ ದಿಕ್ಕು ಇದು, ವೇಗ ಇಷ್ಟು, ಹಾಗಾದರೆ ಈಗ ಇಲ್ಲಿರಬೇಕು ಎಂಬ ಲೆಕ್ಕ. ಗಾಳಿ ಮತ್ತು ನೀರಿನ ಸೆಳೆತ ಹಡಗನ್ನು ಪಕ್ಕಕ್ಕೆ ತಳ್ಳುತ್ತಿದ್ದರೆ ಅದು ಈ ಲೆಕ್ಕಕ್ಕೆ ಸಿಗುವುದಿಲ್ಲ. ಅಂದಾಜಿನ ಮೇಲೆ ನಡೆಯುತ್ತಿದ್ದೇನೆ ಎಂದು ಪೆಟ್ಟಿಗೆ ಹೇಳುತ್ತಿತ್ತು, ನಿಜ. ಹೇಳುತ್ತಿದ್ದುದು ಪರದೆಯ ಮೂಲೆಯ ಸಣ್ಣ ಅಕ್ಷರಗಳಲ್ಲಿ. ಯಾರ ಕಣ್ಣಿಗೂ ಅದು ಬೀಳಲಿಲ್ಲ.

ಮುಂದಿನ ಸುಮಾರು 34 ಗಂಟೆ ಆಟೋಪೈಲಟ್ ಆ ತಪ್ಪು ಸ್ಥಾನವನ್ನೇ ನಂಬಿಕೊಂಡು ಹಡಗು ನಡೆಸಿತು. ಅಧಿಕಾರಿಗಳು ಸುಮ್ನೆ ಕೂತಿರಲಿಲ್ಲ. ಗಂಟೆಗೊಮ್ಮೆ ನಕ್ಷೆಯ ಮೇಲೆ ಗುರುತು ಹಾಕುತ್ತಿದ್ದರು. ಆದರೆ ಗುರುತು ಹಾಕಲು ನೋಡುತ್ತಿದ್ದುದು ಅದೇ ಜಿಪಿಎಸ್. ರೇಡಿಯೊ ಸಂಕೇತಗಳಿಂದ ಸ್ಥಾನ ಹೇಳುವ ಲೋರಾನ್ ಎಂಬ ಇನ್ನೊಂದು ಸಾಧನವೂ ಹಡಗಿನಲ್ಲಿತ್ತು, ಕೆಲಸವನ್ನೂ ಮಾಡುತ್ತಿತ್ತು. ಎರಡನ್ನೂ ಹೋಲಿಸಿ ನೋಡುವ ಗೋಜಿಗೆ ಯಾರೂ ಹೋಗಲಿಲ್ಲ. ದಾರಿಯಲ್ಲಿ ಸಿಗಬೇಕಾಗಿದ್ದ, ನೀರಿನ ಮೇಲೆ ತೇಲುವ ಗುರುತೊಂದು ರಾಡಾರ್‌ನಲ್ಲಿ ಸರಿಯಾದ ಹೊತ್ತಿಗೇ ಕಾಣಿಸಿತು. ನಿಜಕ್ಕೂ ಅದು ಬೇರೆಯೇ ಗುರುತು. ಎದುರು ನೋಡುತ್ತಿದ್ದುದು ಸಿಕ್ಕಿತು ಎಂದು ಅಧಿಕಾರಿ ಒಪ್ಪಿಕೊಂಡುಬಿಟ್ಟರು. ಮುಂದಿನ ಗುರುತು ಕಾಣಲೇ ಇಲ್ಲ. ಆದರೂ ಕಂಡಿತು ಎಂದೇ ಕ್ಯಾಪ್ಟನ್‌ಗೆ ವರದಿ ಹೋಯಿತು. ಕಾವಲಿದ್ದವರು ಮುಂದೆ ನೀರಿನ ಬಣ್ಣ ಬದಲಾಗಿದೆ ಎಂದು ಹೇಳಿದಾಗಲೂ ದಿಕ್ಕು ಬದಲಾಗಲಿಲ್ಲ. ಜೂನ್ 10ರ ರಾತ್ರಿ, ಇದ್ದೇವೆ ಎಂದುಕೊಂಡ ಜಾಗದಿಂದ ಸುಮಾರು 17 ಮೈಲಿ ಆಚೆ, ಅಮೆರಿಕದ ನಾಂಟಕೆಟ್ ದ್ವೀಪದ ಹತ್ತಿರದ ಮರಳು ದಿಬ್ಬಕ್ಕೆ ಹಡಗು ಹತ್ತಿ ನಿಂತಿತು. ಪುಣ್ಯಕ್ಕೆ ಯಾರ ಜೀವಕ್ಕೂ ಅಪಾಯವಾಗಲಿಲ್ಲ.

ಈ ಘಟನೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ರಾಡಾರ್‌ನಲ್ಲಿ ಕಂಡ ಆ ಗುರುತು. ಯಂತ್ರ ಹೇಳಿದ್ದನ್ನು ಒಮ್ಮೆ ಮನಸ್ಸು ಒಪ್ಪಿಕೊಂಡ ಮೇಲೆ ಕಣ್ಣಿಗೆ ಕಂಡದ್ದೂ ಅದಕ್ಕೆ ತಕ್ಕಂತೆ ಬಾಗುತ್ತದೆ. ಆ ಜಿಪಿಎಸ್ ಅದಕ್ಕೂ ಮುಂಚೆ ದಿನವೂ ಸರಿಯಾಗಿಯೇ ಕೆಲಸ ಮಾಡಿತ್ತು. ನಂಬಿಕೆಗೆ ಆಧಾರ ಇತ್ತು. ಆಗಾಗ ಕೈಕೊಡುವ ಯಂತ್ರದ ಮೇಲೆ ನಾವು ಒಂದು ಕಣ್ಣು ಇಟ್ಟೇ ಇರುತ್ತೇವೆ. ಯಾವತ್ತೂ ಕೈಕೊಡದ ಯಂತ್ರದ ಮುಂದೆ ಆ ಕಣ್ಣು ಮುಚ್ಚುತ್ತದೆ. ಸಾಧನ ಒಳ್ಳೆಯದಾದಷ್ಟೂ ಅದರ ಅಪರೂಪದ ತಪ್ಪು ಹೆಚ್ಚು ಅಪಾಯಕಾರಿ ಆಗುವುದು ಹೀಗೆ.

ಇದನ್ನು ಸೋಮಾರಿತನ ಎಂದು ಬೈದು ಮುಗಿಸಬಾರದು. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ರಾಡಾರ್ ಸಿಬ್ಬಂದಿ ಗುರಿಗಳನ್ನು ತಪ್ಪಿಸಿಕೊಳ್ಳುತ್ತಿದ್ದುದು ಯಾಕೆ ಎಂದು ನಾರ್ಮನ್ ಮ್ಯಾಕ್‌ವರ್ತ್ ಎಂಬ ವಿಜ್ಞಾನಿ ಹುಡುಕಿದರು. ಅವರ ಪ್ರಯೋಗ ಹೀಗಿತ್ತು: ಗಡಿಯಾರದಂಥ ಫಲಕದ ಮೇಲೆ ಒಂದು ಮುಳ್ಳು ಸಣ್ಣ ಸಣ್ಣದಾಗಿ ಜಿಗಿಯುತ್ತಾ ಸುತ್ತುತ್ತದೆ. ಅಪರೂಪಕ್ಕೊಮ್ಮೆ ಎರಡರಷ್ಟು ಜಿಗಿಯುತ್ತದೆ. ಆಗ ಗುಂಡಿ ಒತ್ತಬೇಕು, ಅಷ್ಟೇ ಕೆಲಸ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಗಮನ ಎದ್ದು ಕಾಣುವಷ್ಟು ಕುಸಿಯುತ್ತಿತ್ತು. 1948ರಲ್ಲಿ ಪ್ರಕಟವಾದ ಈ ಫಲಿತಾಂಶ ಇವತ್ತಿಗೂ ನಮಗೆ ಬೇಕಾದದ್ದೇ. ಏನೂ ಆಗದ ವಸ್ತುವನ್ನು ಗಂಟೆಗಟ್ಟಲೆ ಕಾಯುವ ಶಕ್ತಿ ಮನುಷ್ಯನ ಮಿದುಳಿಗೆ ಇಲ್ಲ. 'ಯಂತ್ರ ನಡೆಸಲಿ, ಮನುಷ್ಯ ಗಮನಿಸುತ್ತಿರಲಿ' ಎಂಬ ಏರ್ಪಾಡು ಕೇಳಲು ಚೆನ್ನಾಗಿದೆ. ಆದರೆ ನಮಗೆ ಯಾವ ಕೆಲಸ ಕಷ್ಟವೋ ಅದನ್ನೇ ಅದು ನಮಗೆ ಒಪ್ಪಿಸುತ್ತದೆ.

ಲಿಸಾನ್ ಬೇನ್‌ಬ್ರಿಜ್ ಎಂಬ ಬ್ರಿಟಿಷ್ ಮನೋವಿಜ್ಞಾನಿ 1983ರಲ್ಲಿ ಇದೇ ವಿಷಯವನ್ನು ಇನ್ನೂ ಒಂದು ಹೆಜ್ಜೆ ಮುಂದೆ ಒಯ್ದರು. ಅವರ ವಾದದ ತಿರುಳು ಇಷ್ಟು. ಸುಲಭದ ಕೆಲಸಗಳನ್ನೆಲ್ಲ ಯಂತ್ರಕ್ಕೆ ಕೊಡುತ್ತೇವೆ. ಯಂತ್ರಕ್ಕೆ ಕೈಲಾಗದ ಗಳಿಗೆಯಲ್ಲಿ ಕೆಲಸ ಮನುಷ್ಯನ ಕೈಗೆ ಬರುತ್ತದೆ. ಅಂದರೆ ಅತಿ ಕಷ್ಟದ ಗಳಿಗೆಯಲ್ಲಿ. ಅಷ್ಟು ಹೊತ್ತಿಗೆ ಸುಲಭದ ಕೆಲಸದ ಅಭ್ಯಾಸವೂ ತಪ್ಪಿಹೋಗಿರುತ್ತದೆ. ಕಷ್ಟದ್ದನ್ನು ನಿಭಾಯಿಸುವ ಕೈಚಳಕ ಹುಟ್ಟುವುದೇ ಸುಲಭದ್ದನ್ನು ದಿನವೂ ಮಾಡುವುದರಿಂದ.

2009ರ ಜೂನ್ 1ರಂದು ಅಟ್ಲಾಂಟಿಕ್ ಸಾಗರದ ಮೇಲೆ ಆದದ್ದು ಇದೇ ಬಗೆಯದು. ರಿಯೊ ಡಿ ಜನೈರೊದಿಂದ ಪ್ಯಾರಿಸ್‌ಗೆ ಹೊರಟಿದ್ದ ಏರ್ ಫ್ರಾನ್ಸ್ 447 ವಿಮಾನದ ವೇಗ ಅಳೆಯುವ ಕೊಳವೆಗಳಲ್ಲಿ ಮಂಜುಗಡ್ಡೆ ಕಟ್ಟಿಕೊಂಡಿತು. ವೇಗದ ಮಾಹಿತಿ ಹೊಂದಾಣಿಕೆ ಆಗದೆ ಆಟೋಪೈಲಟ್ ಕಳಚಿಕೊಂಡಿತು. ವಿಮಾನ ಪೈಲಟ್‌ಗಳ ಕೈಗೆ ಬಂತು. ಕೊಳವೆಗಳು ಒಂದು ನಿಮಿಷದೊಳಗೆ ಸರಿಹೋದವು. ಅಷ್ಟರಲ್ಲಿ ವಿಮಾನದ ಮೂತಿಯನ್ನು ಮೇಲಕ್ಕೆ ಎತ್ತಲಾಗಿತ್ತು. ರೆಕ್ಕೆಗಳಿಗೆ ಗಾಳಿಯ ಆಸರೆ ತಪ್ಪಿ ವಿಮಾನ ಕುಸಿಯತೊಡಗಿತು. ಐದು ನಿಮಿಷ ಕಳೆಯುವುದರೊಳಗೆ ಅದು ಸಮುದ್ರ ಸೇರಿತ್ತು. 228 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಅಷ್ಟು ಎತ್ತರದಲ್ಲಿ ಕೈಯಾರೆ ವಿಮಾನ ನಡೆಸುವ ತರಬೇತಿ ಆ ಪೈಲಟ್‌ಗಳಿಗೆ ಸಿಕ್ಕಿರಲಿಲ್ಲ ಎಂದು ಫ್ರಾನ್ಸ್‌ನ ತನಿಖಾ ಸಂಸ್ಥೆ ಗುರುತಿಸಿತು. ಅವರನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ನೂರಾರು ಗಂಟೆ ಯಂತ್ರದ ಪಕ್ಕ ಕೂರಿಸಿ, ಅದರ ಕೈ ಸೋತ ಗಳಿಗೆಯಲ್ಲಿ ಇವರಿಂದ ಪವಾಡ ಬಯಸಿದ್ದು ವ್ಯವಸ್ಥೆ.

ಇದನ್ನು ಓದಿ ಆಟೋಪೈಲಟ್ ಬೇಡ ಎಂದರೆ ಅದು ತಪ್ಪು ತೀರ್ಮಾನ. ಯಂತ್ರಗಳ ನೆರವಿನಿಂದಾಗಿಯೇ ವಿಮಾನ ಪ್ರಯಾಣ ಹಿಂದಿನ ದಶಕಗಳಿಗಿಂತ ಎಷ್ಟೋ ಪಾಲು ಸುರಕ್ಷಿತವಾಗಿದೆ. ಅಮೆರಿಕದ ವಿಮಾನಯಾನ ಆಡಳಿತ 2013ರ ಜನವರಿಯಲ್ಲಿ ಕಂಪನಿಗಳಿಗೆ ಒಂದು ಸಲಹೆ ಕಳಿಸಿತು: ಪರಿಸ್ಥಿತಿ ತಕ್ಕದಾಗಿದ್ದಾಗ ಪೈಲಟ್‌ಗಳು ಕೈಯಾರೆ ವಿಮಾನ ನಡೆಸುವುದನ್ನು ಪ್ರೋತ್ಸಾಹಿಸಿ. ಯಂತ್ರವನ್ನು ಇಟ್ಟುಕೊಂಡೇ ಅಭ್ಯಾಸವನ್ನೂ ಉಳಿಸಿಕೊಳ್ಳುವ ದಾರಿ ಅದು.

ಪೈಲಟ್, ಕ್ಯಾಪ್ಟನ್‌ಗಳ ಮಾತು ಸಾಕು. ನಮ್ಮೆಲ್ಲರ ತಲೆಯೊಳಗೆ ಏನಾಗುತ್ತಿದೆ ಅನ್ನುವುದೂ ಇದರ ಜೊತೆಗೇ ಬರುವ ಪ್ರಶ್ನೆ.

ಲಂಡನ್ನಿನ ಟ್ಯಾಕ್ಸಿ ಚಾಲಕರಿಗೆ ಪರವಾನಗಿ ಸಿಗಬೇಕಾದರೆ ಚೇರಿಂಗ್ ಕ್ರಾಸ್ ಸುತ್ತಲಿನ ಆರು ಮೈಲಿಯೊಳಗಿನ ಸುಮಾರು 25,000 ಬೀದಿಗಳು ಬಾಯಿಗೆ ಬರಬೇಕು. ಕಲಿಯಲು ಮೂರು ನಾಲ್ಕು ವರ್ಷ ಹಿಡಿಯುತ್ತದೆ. ಎಲೆನರ್ ಮಗ್ವಾಯರ್ ಮತ್ತು ಅವರ ತಂಡ 2000ದಲ್ಲಿ ಈ ಚಾಲಕರ ಮಿದುಳಿನ ಸ್ಕ್ಯಾನ್ ನೋಡಿದಾಗ, ಜಾಗಗಳ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಎಂಬ ಭಾಗದ ಹಿಂಬದಿ ಬೇರೆಯವರಿಗಿಂತ ದೊಡ್ಡದಿತ್ತು. ಹುಟ್ಟಿನಿಂದಲೇ ಹಾಗಿದ್ದವರು ಚಾಲಕರಾದರೋ, ಕಲಿತದ್ದರಿಂದ ಹಾಗಾಯಿತೋ? ಇದಕ್ಕೆ ಉತ್ತರ ಬೇಕಿತ್ತು. ಕಲಿಯಲು ಸೇರಿದ 79 ಜನರನ್ನು ಮೊದಲೇ ಸ್ಕ್ಯಾನ್ ಮಾಡಿ, ವರ್ಷಗಳ ನಂತರ ಮತ್ತೆ ನೋಡಿದರು. ಆಗ ಪಾಸಾದವರು 39 ಜನ. ಆ ಭಾಗ ಬೆಳೆದದ್ದು ಅವರಲ್ಲಿ ಮಾತ್ರ. ಕಲಿಕೆ ಮಿದುಳಿನ ಆಕಾರವನ್ನೇ ಬದಲಿಸಿತ್ತು.

ಇದರ ಇನ್ನೊಂದು ಮುಖ 2017ರಲ್ಲಿ ಕಂಡಿತು. ಅದೇ ಲಂಡನ್ನಿನ ಸಂಶೋಧಕರು ಕೆಲವರಿಗೆ ಆ ನಗರದ ಸೋಹೊ ಎಂಬ ಭಾಗದ ಬೀದಿಗಳ ವಿಡಿಯೊ ತೋರಿಸಿ, ಅದರಲ್ಲಿ ದಾರಿ ಹುಡುಕುವ ಕೆಲಸ ಕೊಟ್ಟು ಮಿದುಳಿನ ಚಟುವಟಿಕೆ ಅಳೆದರು. ತಾವೇ ದಾರಿ ಹುಡುಕುತ್ತಿದ್ದಾಗ, ಹೊಸ ಬೀದಿಗೆ ಕಾಲಿಟ್ಟಾಗಲೆಲ್ಲ ಹಿಪೊಕ್ಯಾಂಪಸ್ ಚುರುಕಾಗುತ್ತಿತ್ತು. 'ಎಡಕ್ಕೆ ತಿರುಗಿ' ಎಂದು ಯಂತ್ರ ಹೇಳಿಕೊಡುತ್ತಿದ್ದಾಗ ಆ ಹೆಚ್ಚಿನ ಚಟುವಟಿಕೆ ಕಾಣಲಿಲ್ಲ. ಸ್ಥಳಕ್ಕೆ ತಲುಪುವುದು ಎರಡರಲ್ಲೂ ಒಂದೇ. ದಾರಿ ತಲೆಯಲ್ಲಿ ಕೂರುವುದು ಒಂದರಲ್ಲಿ ಮಾತ್ರ.

ನೆನಪಿನ ಬಗ್ಗೆ ಹೇಳುವಾಗ ಸ್ವಲ್ಪ ಎಚ್ಚರ ಬೇಕು, ಯಾಕೆಂದರೆ ಇಲ್ಲಿ ಭಯ ಹುಟ್ಟಿಸುವ ಮಾತುಗಳೇ ಜಾಸ್ತಿ. 2011ರಲ್ಲಿ ಬೆಟ್ಸಿ ಸ್ಪ್ಯಾರೋ ಮತ್ತು ಸಂಗಡಿಗರ ಅಧ್ಯಯನವೊಂದು ತುಂಬಾ ಹೆಸರು ಮಾಡಿತು. ಮಾಹಿತಿ ಕಂಪ್ಯೂಟರಿನಲ್ಲಿ ಉಳಿದಿರುತ್ತದೆ ಎಂದು ತಿಳಿದರೆ ಜನ ಆ ಮಾಹಿತಿಯನ್ನು ಕಡಿಮೆ ನೆನಪಿಟ್ಟುಕೊಳ್ಳುತ್ತಾರೆ, ಅದು ಎಲ್ಲಿದೆ ಎಂಬುದನ್ನು ಹೆಚ್ಚು ನೆನಪಿಟ್ಟುಕೊಳ್ಳುತ್ತಾರೆ ಎಂದು ಅದು ಹೇಳಿತು. 2018ರಲ್ಲಿ ಬೇರೆ ತಂಡದವರು ಆ ಅಧ್ಯಯನದ ಒಂದು ಪ್ರಯೋಗವನ್ನು ಮತ್ತೆ ಮಾಡಿ ನೋಡಿದಾಗ ಅದೇ ಫಲಿತಾಂಶ ಬರಲಿಲ್ಲ. ಆದ್ದರಿಂದ 'ಇಂಟರ್‌ನೆಟ್ ನಮ್ಮ ನೆನಪಿನ ಶಕ್ತಿಯನ್ನು ತಿಂದುಹಾಕಿತು' ಎಂಬ ಮಾತಿಗೆ ಗಟ್ಟಿ ಆಧಾರ ಇಲ್ಲ. ಎಲ್ಲವನ್ನೂ ಒಬ್ಬರೇ ನೆನಪಿಡುವ ಕ್ರಮ ಮನುಷ್ಯರಲ್ಲಿ ಮೊದಲಿಂದಲೂ ಇರಲಿಲ್ಲ. ಗಂಡನಿಗೆ ಒಂದು ನೆನಪಿರುತ್ತದೆ, ಹೆಂಡತಿಗೆ ಇನ್ನೊಂದು. ಕಚೇರಿಯಲ್ಲಿ ಹಳೇ ಕಡತದ ವಿಷಯ ಯಾರಿಗೆ ಗೊತ್ತು ಎಂಬುದು ಎಲ್ಲರಿಗೂ ಗೊತ್ತಿರುತ್ತದೆ.

ಇದಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಯೇಲ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಫಿಶರ್ ಮತ್ತು ಜೊತೆಗಾರರು 2015ರಲ್ಲಿ ತೋರಿಸಿದ ವಿಷಯ. ಇಂಟರ್‌ನೆಟ್ಟಿನಲ್ಲಿ ಹುಡುಕಾಡಿದ ಬಳಿಕ ಜನ, ತಾವು ಹುಡುಕಿಯೇ ಇರದ ವಿಷಯಗಳ ಬಗ್ಗೆಯೂ ತಮಗೆ ಜಾಸ್ತಿ ಗೊತ್ತಿದೆ ಎಂದು ಭಾವಿಸುತ್ತಾರೆ. ಫೋನಿನಲ್ಲಿರುವುದು ತಲೆಯಲ್ಲಿಯೇ ಇದೆ ಎಂಬ ಭ್ರಮೆ ಅದು. ನನ್ನ ಮೊದಲ ಪ್ರಶ್ನೆಗೆ ಇದು ನೇರವಾಗಿ ತಾಗುತ್ತದೆ. ಗೊತ್ತಿಲ್ಲ ಎಂಬುದು ಗೊತ್ತಿದ್ದವರು ಪರೀಕ್ಷಿಸಿ ನೋಡುತ್ತಾರೆ. ಗೊತ್ತಿದೆ ಎಂದುಕೊಂಡವರು ಯಾಕೆ ಪರೀಕ್ಷಿಸುತ್ತಾರೆ?

ಕ್ಯಾಲ್ಕ್ಯುಲೇಟರ್ ಬಂದಾಗಲೂ ಇದೇ ಗಾಬರಿ ಇತ್ತು. ಮಕ್ಕಳಿಗೆ ಮಗ್ಗಿ ಮರೆತುಹೋಗುತ್ತದೆ ಎಂಬ ಗಾಬರಿ. 1986ರಲ್ಲಿ ಹೆಂಬ್ರಿ ಮತ್ತು ಡೆಸಾರ್ಟ್ ಎಂಬ ಸಂಶೋಧಕರು 79 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಪಾಠದ ಜೊತೆಯಲ್ಲಿ ಕ್ಯಾಲ್ಕ್ಯುಲೇಟರ್ ಬಳಸಿದ ಮಕ್ಕಳ ಕೈಲೆಕ್ಕ ಒಟ್ಟಾರೆ ಕೆಟ್ಟಿರಲಿಲ್ಲ. ನಾಲ್ಕನೇ ತರಗತಿಯಲ್ಲಿ ಮಾತ್ರ ಬೇರೆ ಫಲಿತಾಂಶ. ಅಲ್ಲಿ ಅದರ ಸತತ ಬಳಕೆ ಮೂಲ ಲೆಕ್ಕಕ್ಕೆ ಅಡ್ಡಿಯಾದಂತೆ ಕಂಡಿತು. ಲೆಕ್ಕದ ಬುಡ ಗಟ್ಟಿಯಾಗುವ ವಯಸ್ಸಿನಲ್ಲಿ ಯಂತ್ರ ನಡುವೆ ಬಂದರೆ ತೊಂದರೆ, ಬುಡ ಗಟ್ಟಿಯಾದ ಮೇಲೆ ಬಂದರೆ ಸಹಾಯ ಎಂದು ನಾನು ಅದನ್ನು ಓದಿಕೊಳ್ಳುತ್ತೇನೆ. ಮಾಡಿಟ್ಟ ಉತ್ತರದಲ್ಲಿ ಒಂದು ಸೊನ್ನೆ ಹೆಚ್ಚಾಗಿದ್ದರೆ 'ಇದು ಇಷ್ಟಿರಲು ಸಾಧ್ಯವಿಲ್ಲ' ಎಂದು ಥಟ್ಟನೆ ಅನಿಸಬೇಕು. ಅಷ್ಟು ಲೆಕ್ಕ ತಲೆಯಲ್ಲಿದ್ದರೆ ಉಳಿದದ್ದನ್ನು ಯಂತ್ರಕ್ಕೆ ಬಿಡಬಹುದು.

ಹಾಗಾದರೆ ಒಮ್ಮೆ ಚೆನ್ನಾಗಿ ಕಲಿತುಬಿಟ್ಟರೆ ಸಾಕೇ? ಸಾಲದು ಎನ್ನುತ್ತದೆ ಪೋಲೆಂಡಿನಿಂದ 2025ರಲ್ಲಿ ಬಂದ ಅಧ್ಯಯನ. ದೊಡ್ಡ ಕರುಳಿನೊಳಗೆ ಕ್ಯಾಮೆರಾ ಹಾಯಿಸಿ, ಮುಂದೆ ಕ್ಯಾನ್ಸರ್ ಆಗಬಹುದಾದ ಗಂಟುಗಳನ್ನು ವೈದ್ಯರು ಹುಡುಕುತ್ತಾರೆ. ಅನುಮಾನದ ಜಾಗವನ್ನು ತೋರಿಸಿಕೊಡುವ ಕೃತಕ ಬುದ್ಧಿಮತ್ತೆಯ ಸಾಧನ ಅಧ್ಯಯನ ನಡೆದ ಆಸ್ಪತ್ರೆಗಳಿಗೆ ಬಂತು. ಅದನ್ನು ಬಳಸದೆ ಮಾಡಿದ ಪರೀಕ್ಷೆಗಳನ್ನಷ್ಟೇ ಎತ್ತಿಕೊಂಡು ಹೋಲಿಸಿದರು. ಸಾಧನ ಬರುವ ಮೊದಲು 28.4 ಶೇಕಡಾ ಪರೀಕ್ಷೆಗಳಲ್ಲಿ ವೈದ್ಯರು ಗಂಟು ಪತ್ತೆ ಮಾಡಿದ್ದರು. ಸಾಧನ ಬಂದ ಮೇಲೆ, ಅದಿಲ್ಲದೆ ಮಾಡಿದ ಪರೀಕ್ಷೆಗಳಲ್ಲಿ ಅದು 22.4 ಶೇಕಡಾಕ್ಕೆ ಇಳಿದಿತ್ತು. ಇವರು ಹೊಸಬರಲ್ಲ. ಒಬ್ಬೊಬ್ಬರೂ 2,000ಕ್ಕೂ ಹೆಚ್ಚು ಪರೀಕ್ಷೆ ಮಾಡಿದ್ದವರು. ಒಂದೇ ಅಧ್ಯಯನದ ಮೇಲೆ ಕೊನೆಯ ತೀರ್ಪು ಕೊಡಲಾಗದು, ಇಳಿಕೆಗೆ ಬೇರೆ ಕಾರಣಗಳೂ ಸೇರಿರಬಹುದು. ಆದರೂ ಕೆಲವೇ ತಿಂಗಳಲ್ಲಿ ಅನುಭವಿಗಳ ಕಣ್ಣೂ ಮಂಕಾಗಬಹುದು ಎಂಬ ಸುಳಿವು ಸಣ್ಣದಲ್ಲ. ಸಾಧನ ಇರುವಾಗ ರೋಗಿಗೆ ಲಾಭ ಇದೆ. ಅದು ಇಲ್ಲದ ದಿನ ಬರುವ ರೋಗಿಯ ಗತಿ ಏನು?

ಇಲ್ಲಿಂದ ಎರಡನೇ ಪ್ರಶ್ನೆಗೆ ಬರೋಣ. ಸಾಧನ ನಿಂತುಹೋದರೆ ಇನ್ನೊಂದು ದಾರಿ ಇದೆಯೇ? ಇಲ್ಲಿ ನಮ್ಮ ಸ್ವಂತ ಶಿಸ್ತಿನಿಂದ ಆಗುವುದು ಸ್ವಲ್ಪವೇ, ಏಕೆಂದರೆ ಹಳೇ ದಾರಿಗಳನ್ನು ಮುಚ್ಚುವವರು ಬೇರೆ.

2022ರ ಜುಲೈ 8ರಂದು ಕೆನಡಾದ ರಾಜರ್ಸ್ ಕಂಪನಿಯ ಜಾಲ ಬಿದ್ದುಹೋಯಿತು. ಒಂದು ಕೋಟಿಗೂ ಹೆಚ್ಚು ಗ್ರಾಹಕರ ಫೋನ್, ಇಂಟರ್‌ನೆಟ್ ನಿಂತವು. ತೊಂದರೆ ಅವರಿಗಷ್ಟೇ ಆಗಲಿಲ್ಲ. ದೇಶದ ಡೆಬಿಟ್ ಕಾರ್ಡ್ ಪಾವತಿಯ ವ್ಯವಸ್ಥೆಯೂ ಅದೇ ಜಾಲದ ಮೇಲೆ ನಿಂತಿತ್ತು. ಬೇರೆ ಕಂಪನಿಯ ಫೋನ್ ಇದ್ದವರೂ ಹಣ ಕೊಡಲಾಗದೆ ನಿಂತರು. ತುರ್ತು ಸಹಾಯದ 911ಕ್ಕೂ ಕೆಲವರ ಕರೆ ಹೋಗಲಿಲ್ಲ. ಮೇಲ್ನೋಟಕ್ಕೆ ಹತ್ತು ಬೇರೆ ಬೇರೆ ಸೇವೆಗಳು. ಬುಡದಲ್ಲಿ ಎಲ್ಲಕ್ಕೂ ಒಂದೇ ಕಂಬ. ಜನ ಬೇರೆ ಬೇರೆ ಆಯ್ಕೆ ಮಾಡಿಕೊಂಡಿದ್ದೇವೆ ಅಂದುಕೊಂಡಿದ್ದರು, ಆ ಕಂಬ ಯಾರಿಗೂ ಕಾಣುತ್ತಿರಲಿಲ್ಲ.

2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸೈಬರ್ ಭದ್ರತಾ ಕಂಪನಿಯ ಒಂದು ದೋಷದ ಅಪ್‌ಡೇಟ್ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳನ್ನು ಕೆಡವಿತು. ವಿಮಾನಗಳು ರದ್ದಾದವು, ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳು ಮುಂದೆ ಹೋದವು. ಎಷ್ಟೋ ಕಡೆ ಪರಿಹಾರ ಬಂದದ್ದು ಮನುಷ್ಯರ ಕೈಯಿಂದ. ಒಂದೊಂದೇ ಕಂಪ್ಯೂಟರಿನ ಮುಂದೆ ಕೂತು, ಅಪ್‌ಡೇಟ್ ತಂದ ದೋಷದ ಫೈಲನ್ನು ಅಳಿಸಬೇಕಾಯಿತು. ಇನ್ನು 2025ರ ಏಪ್ರಿಲ್ 28ರಂದು ಸ್ಪೇನ್, ಪೋರ್ಚುಗಲ್ ಎರಡರಲ್ಲೂ ವಿದ್ಯುತ್ ಹೋದಾಗ ಸುದ್ದಿ ತಿಳಿಯಲು ಜನ ಹುಡುಕಿದ್ದು ಬ್ಯಾಟರಿ ರೇಡಿಯೊವನ್ನು. ಜೇಬಿನಲ್ಲಿ ನೋಟು ಇದ್ದವರು ಸಾಮಾನು ಕೊಂಡರು.

ಅನುಕೂಲ ಹೇಗೆ ಕಡ್ಡಾಯವಾಗುತ್ತದೆ ನೋಡಿ. ಮೊದಲು ಹೊಸ ದಾರಿ ಹಳೆಯದರ ಪಕ್ಕದಲ್ಲೇ ಬರುತ್ತದೆ. ಬೇಕಾದವರು ಹೋಗುತ್ತಾರೆ. ಹೊಸದು ಸಲೀಸು, ಹಾಗಾಗಿ ಹೆಚ್ಚು ಜನ ಅತ್ತ ಸರಿಯುತ್ತಾರೆ. ಹಳೆಯದರಲ್ಲಿ ಉಳಿದ ಕೆಲವರಿಗಾಗಿ ಖರ್ಚು ಯಾಕೆ ಎಂದು ಕೌಂಟರ್ ಮುಚ್ಚುತ್ತಾರೆ, ಕಾಗದದ ಅರ್ಜಿ ನಿಲ್ಲಿಸುತ್ತಾರೆ. ಕೊನೆಗೆ ಆಪ್ ಇಲ್ಲದವರಿಗೆ ಸೇವೆಯೇ ಇಲ್ಲ. ಯಾರೂ ಕೆಟ್ಟ ಉದ್ದೇಶ ಇಟ್ಟುಕೊಂಡಿರಬೇಕಾಗಿಲ್ಲ. ಆದರೆ ವಯಸ್ಸಾದವರು, ಓದು ಬಾರದವರು, ಒಳ್ಳೆಯ ಫೋನ್ ಕೊಳ್ಳಲಾಗದವರು ಹೊರಗೆ ಉಳಿಯುತ್ತಾರೆ. ನನಗೆ ಇದು ಬರೀ ಅನಾನುಕೂಲದ ಮಾತಲ್ಲ, ಅನ್ಯಾಯದ ಮಾತು.

ಯಂತ್ರದಿಂದ ಉಳಿಯುತ್ತದೆ ಎನ್ನುವ ಸಮಯ ನಿಜಕ್ಕೂ ಉಳಿಯಿತೇ ಎಂಬುದನ್ನೂ ಕೇಳಿಕೊಳ್ಳಬೇಕು. ಜೋಆನ್ ವ್ಯಾನೆಕ್ ಎಂಬ ಸಮಾಜಶಾಸ್ತ್ರಜ್ಞೆ 1974ರಲ್ಲಿ ಅಮೆರಿಕದ ಗೃಹಿಣಿಯರ ದಿನಚರಿಗಳನ್ನು ಹೋಲಿಸಿದರು. 1920ರ ದಶಕದಲ್ಲಿ ಅವರು ವಾರಕ್ಕೆ ಸುಮಾರು 52 ಗಂಟೆ ಮನೆಗೆಲಸ ಮಾಡುತ್ತಿದ್ದರು. ಬಟ್ಟೆ ಒಗೆಯುವ ಯಂತ್ರ, ಕಸ ಹೀರುವ ಯಂತ್ರ ಎಲ್ಲ ಬಂದ 1960ರ ದಶಕದಲ್ಲೂ ಅದು ಸುಮಾರು 55 ಗಂಟೆ. ಬಟ್ಟೆ ಒಗೆಯುವುದು ಸುಲಭವಾದಂತೆ ಒಗೆಯುವ ಬಟ್ಟೆಯೂ ಹೆಚ್ಚಿತು, ಇಷ್ಟು ಚೊಕ್ಕಟ ಇರಲೇಬೇಕು ಎಂಬ ನಿರೀಕ್ಷೆಯೂ ಏರಿತು. ಮೈಮುರಿಯುವ ಶ್ರಮ ಕಡಿಮೆಯಾಯಿತು, ಅದು ದೊಡ್ಡ ಲಾಭವೇ. ಬಿಡುವು ಮಾತ್ರ ಸಿಗಲಿಲ್ಲ. ಕ್ಷಣದಲ್ಲಿ ತಲುಪುವ ಸಂದೇಶಕ್ಕೆ ಕ್ಷಣದಲ್ಲೇ ಉತ್ತರ ಬೇಕು ಎನ್ನುವ ಇವತ್ತಿನ ಒತ್ತಡವೂ ಇದೇ ಜಾತಿಯದು.

ಏನು ಮಾಡಬಹುದು? ಎಲ್ಲ ಹಳೇ ಕೌಶಲಗಳನ್ನೂ ಉಳಿಸಿಕೊಳ್ಳುವುದು ಆಗದ ಮಾತು, ಬೇಕಾಗಿಯೂ ಇಲ್ಲ. ತಪ್ಪಿದರೆ ಜೀವಕ್ಕೆ, ಹಣಕ್ಕೆ, ಆಪ್ತರಿಗೆ ಏಟು ಬೀಳುವ ಜಾಗಗಳನ್ನು ಆರಿಸಿಕೊಂಡರೆ ಸಾಕು. ಇಬ್ಬರು ಮೂವರ ಫೋನ್ ನಂಬರ್ ಬಾಯಿಗೆ ಬರಲಿ. ಹೊಸ ಊರಿಗೆ ಹೋದಾಗ ಹೊರಡುವ ಮೊದಲು ನಕ್ಷೆಯನ್ನು ಒಮ್ಮೆ ಪೂರ್ತಿ ನೋಡಿಕೊಂಡರೆ, ಆಮೇಲೆ ಜಿಪಿಎಸ್ ಹೇಳಿದ್ದು ಸರಿಯೋ ತಪ್ಪೋ ಎಂಬ ಅಂದಾಜಾದರೂ ಇರುತ್ತದೆ. ಕೃತಕ ಬುದ್ಧಿಮತ್ತೆಯಿಂದ ಉತ್ತರ ಕೇಳುವ ಮುಂಚೆ ನಿಮ್ಮದೇ ಒಂದು ಊಹೆ ಮಾಡಿಕೊಳ್ಳಿ. ಹೋಲಿಸಲು ಏನಾದರೂ ಇದ್ದರೆ ಮಾತ್ರ ತಪ್ಪು ಕಾಣುತ್ತದೆ. ಕಲಿಯುವ ಮಕ್ಕಳ ವಿಷಯದಲ್ಲಿ ನಾನು ಇನ್ನೂ ಬಿಗಿ: ಮೊದಲು ಕೈಯಲ್ಲಿ, ಆಮೇಲೆ ಯಂತ್ರದಲ್ಲಿ.

ದೊಡ್ಡ ಪಾಲು ಸಂಸ್ಥೆಗಳದ್ದು ಮತ್ತು ಸರಕಾರಗಳದ್ದು. ಅಮೆರಿಕದ ನೌಕಾ ಅಕಾಡೆಮಿ ನಕ್ಷತ್ರ ನೋಡಿ ಸ್ಥಾನ ಕಂಡುಹಿಡಿಯುವ ಪಾಠವನ್ನು ಜಿಪಿಎಸ್ ಬಂದ ಮೇಲೆ ಕೈಬಿಟ್ಟಿತ್ತು. ಸೈಬರ್ ದಾಳಿಯ ಭಯದಿಂದ 2015ರಲ್ಲಿ ಅದನ್ನು ವಾಪಸು ತಂದಿತು. ನಗದು ಬಹುತೇಕ ಮರೆಯಾಗಿದ್ದ ಸ್ವೀಡನ್‌ನಲ್ಲಿ 2024ರಲ್ಲಿ ಸರಕಾರ ಮನೆಮನೆಗೆ ಹಂಚಿದ ತುರ್ತು ಪರಿಸ್ಥಿತಿಯ ಕೈಪಿಡಿ, ಮನೆಯಲ್ಲಿ ಒಂದಿಷ್ಟು ನೋಟು ಇಟ್ಟುಕೊಳ್ಳಲು ಹೇಳಿತು. ನಾರ್ವೆ ಅದೇ ವರ್ಷದ ಅಕ್ಟೋಬರ್ 1ರಿಂದ, ಅಂಗಡಿಯಲ್ಲಿ ನಗದು ಕೊಡುವ ಗ್ರಾಹಕರ ಹಕ್ಕನ್ನು ಕಾನೂನಿನಲ್ಲಿ ಗಟ್ಟಿ ಮಾಡಿತು. ಡಿಜಿಟಲ್ ದಾರಿಯಲ್ಲಿ ಅತಿ ಮುಂದೆ ಹೋದ ದೇಶಗಳೇ ಇದನ್ನು ಮಾಡುತ್ತಿವೆ ಎಂಬುದನ್ನು ಗಮನಿಸಿ. ಇನ್ನೊಂದು ದಾರಿಯನ್ನು ತೆರೆದಿಡಲು ಹಣ ಬೇಕು, ಜನ ಬೇಕು. ದಿನದ ಲೆಕ್ಕದಲ್ಲಿ ಅದು ದಂಡದ ಖರ್ಚಿನಂತೆ ಕಾಣುತ್ತದೆ, ಹಾಗಾಗಿ ಯಾವ ಕಂಪನಿಯೂ ತಾನಾಗಿ ಅದನ್ನು ಇಟ್ಟುಕೊಳ್ಳುವುದಿಲ್ಲ. ಆಸ್ಪತ್ರೆ, ಬ್ಯಾಂಕು, ಸಾರಿಗೆ, ತುರ್ತು ಕರೆ ಇವಿಷ್ಟರಲ್ಲಾದರೂ ಕಾನೂನೇ ಅದನ್ನು ಕೇಳಬೇಕು. ಯಂತ್ರ ಅಂದಾಜಿನ ಮೇಲೆ ಉತ್ತರ ಕೊಡುತ್ತಿದ್ದರೆ ಅದನ್ನು ಬಳಸುವವರಿಗೆ ದೊಡ್ಡದಾಗಿ ಕಾಣುವಂತೆ ಹೇಳಲೇಬೇಕು ಎಂಬ ನಿಯಮವೂ ಅದರ ಜೊತೆಗೇ ಬರಲಿ.